ಜೋಡುಸಿರು

ರತ್ನವ್ವನ ಎದೆ ಗಂಡನ ಉಸಿರಿಗೆ ಮೊದಲ ಸಲ ಏರಿದಾಗ, ಗಂಡ ಫಕೀರಪ್ಪ ಊರಿನ ಇನ್ನೊಂದು ತುದಿಯಲ್ಲಿ, ಹಳೇಹುಬ್ಬಳ್ಳಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. ಅವನು ಬಸಿಯ ಮೇಲೆ ಉದ್ದಕ್ಕೆ ಊದಿದ. ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ ಅವಳ ಎದೆ ಅಷ್ಟೇ ಉದ್ದಕ್ಕೆ ಇಳಿಯಿತು. ಅವನು ಒಂದು ಗುಟುಕು ಹೀರಿ ಅರೆಗಳಿಗೆ ಸುಮ್ಮನಾದ; ಅವಳ ಎದೆಯೂ ಸುಮ್ಮನಾಯಿತು. ಅವನು ಉಸಿರೆಳೆದುಕೊಂಡ. ಯಂತ್ರ ಅವಳಿಗೂ ಒಂದು ಉಸಿರು ಕೊಟ್ಟಿತು.

ಹಾಸಿಗೆಯ ಪಕ್ಕ ನಿಂತಿದ್ದ ವಿಶಾಲಾಕ್ಷಿ ಕಮ್ಮಾರ ಅಂಗೈಯನ್ನು ರತ್ನವ್ವನ ಪಕ್ಕೆಲುಬಿನ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಫೋನು ಹಚ್ಚಿದಳು.

“ಫಕೀರಪ್ಪನವರ, ಸುಮ್ನ ಕುಂದರ್ರಿ ಅಂದ್ರ ಚಹಾ ಕುಡಿಯಾಕತ್ತೀರೇನ್ರಿ?”

“ನಿಮಗ ಹ್ಯಾಂಗ ಗೊತ್ತಾತ್ರೀ ಬಾಯಾರ?”

“ನಿಮ್ಮ ಹೆಂಡ್ತಿ ಹೇಳಿದ್ರು.”

ಅವನು ನಕ್ಕ. ನಗು ಯಂತ್ರಕ್ಕೆ ಅರ್ಥವಾಗದೆ ಹಾಸಿಗೆಯ ಬಳಿ ಒಂದು ಹಳದಿ ದೀಪ ಮಿನುಗಿ ಆರಿತು. ವಿಶಾಲಾ ಕೂಡ ನಕ್ಕಳು. ಐದು ವಾರಗಳಿಂದ ಆ ಎದೆ ಒಂದೇ ಅಳತೆಯಲ್ಲಿ, ಹೊಲಿಗೆ ಯಂತ್ರದ ಸೂಜಿಯ ಹಾಗೆ ಏರಿಳಿಯುವುದನ್ನು ನೋಡಿ ಅವಳಿಗೆ ಸಾಕಾಗಿತ್ತು. ಇವತ್ತು ಅದು ಮನುಷ್ಯರ ಎದೆಯ ಹಾಗೆ ಏರಿತ್ತು.

ಆಸ್ಪತ್ರೆಯಲ್ಲಿ ವಿಶಾಲಾಳನ್ನು ಕೆಲವರು ಸಿಸ್ಟರ್ ಎನ್ನುತ್ತಿದ್ದರು, ಕೆಲವರು ಡಾಕ್ಟರ್ ಎನ್ನುತ್ತಿದ್ದರು. ಅವಳು ಎರಡೂ ಅಲ್ಲ, ಉಸಿರಾಟ ಚಿಕಿತ್ಸಕಿ. ವೆಂಟಿಲೇಟರಿನ ಒತ್ತಡ ಎಷ್ಟಿರಬೇಕು, ಗಾಳಿ ಎಷ್ಟು ತೇವವಾಗಿರಬೇಕು ಎಂದು ನೋಡುವುದು, ಗಂಟಲಿನ ಕೊಳವೆಯಿಂದ ಕಫ ಎಳೆದು ತೆಗೆಯುವುದು, ಮಲಗಿದವರನ್ನು ಎಬ್ಬಿಸಿ ಕೂರಿಸಿ ಕೆಮ್ಮಿಸುವುದು ಅವಳ ಕೆಲಸ. ಇವೆಲ್ಲಕ್ಕಿಂತ ಕಷ್ಟದ್ದು ಯಂತ್ರ ಬಿಡಿಸುವುದು. ಮಗುವಿಗೆ ಮೊಲೆ ಬಿಡಿಸಿದ ಹಾಗೆಯೇ, ಅದರಲ್ಲಿ ಹಟವಿದೆ, ಅಳುವಿದೆ, ಹೆದರಿಕೆಯಿದೆ. ಕಾಯಿಲೆ ವಾಸಿಯಾಗಿಯೂ ಉಸಿರಾಡಲು ಮರೆತು ಯಂತ್ರದ ಮೇಲೆಯೇ ಹೋದವರನ್ನು ಅವಳು ಬಹಳ ಕಂಡಿದ್ದಳು.

ರತ್ನವ್ವ ಆ ದಾರಿಯಲ್ಲೇ ಇದ್ದಳು. ಬ್ಯಾಡಗಿ ಮೆಣಸಿನಕಾಯಿಯ ಗೋದಾಮಿನಲ್ಲಿ ತೊಟ್ಟು ಬಿಡಿಸುತ್ತ ಮುಕ್ಕಾಲು ಆಯುಷ್ಯ ಕಳೆದ ಹೆಂಗಸು. ಘಾಟು ತಿಂದ ಶ್ವಾಸಕೋಶಕ್ಕೆ ಈ ವರ್ಷ ನ್ಯುಮೋನಿಯಾ ಹತ್ತಿತು. ಜ್ವರ ಇಳಿಯಿತು, ರಕ್ತ ಶುದ್ಧವಾಯಿತು, ಆದರೆ ಯಂತ್ರ ತೆಗೆದ ಪ್ರತಿ ಸಲವೂ ಅವಳ ತುಟಿ ನೀಲಿಗಟ್ಟುತ್ತಿತ್ತು. ಮೂರು ಸಲ ಬಿಡಿಸಿ ಮೂರು ಸಲವೂ ಮತ್ತೆ ಹಚ್ಚಿದ್ದರು. ಹಾಗಾಗಿ ಅವಳಿಗೆ ಜೋಡುಸಿರು ಕಟ್ಟಿದರು.

ಜೋಡುಸಿರಿನ ಮೊದಲ ಯೋಚನೆ ಬಂದದ್ದು ವಿಶಾಲಾಳಿಗೇ. ಹಿಂದೊಮ್ಮೆ ಒಬ್ಬ ಮಗಳು ಅಪ್ಪನ ಹಾಸಿಗೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಆ ಹೊತ್ತಿನಲ್ಲಿ ಅಪ್ಪನ ಉಸಿರು ತಾನಾಗಿಯೇ ಹದಕ್ಕೆ ಬಂದಿತ್ತು. ಅದನ್ನು ಕಂಡ ವಿಶಾಲಾ ತೀವ್ರ ನಿಗಾ ಘಟಕದ ಮುಖ್ಯಸ್ಥೆ ಡಾ. ಮೃಣಾಲಿನಿ ಕೌಜಲಗಿಯ ಬಳಿ ಹೋಗಿ, ಯಂತ್ರದ ಉಸಿರು ಒಂದೇ ಸಮ ಇರುವುದರಿಂದ ಮೆದುಳು ಸೋಮಾರಿಯಾಗುತ್ತದೆಯೇನೋ, ಮನುಷ್ಯರ ಉಸಿರನ್ನೇ ಕೊಟ್ಟರೆ ಹೇಗೆ ಎಂದು ಕೇಳಿದಳು. ಕೌಜಲಗಿ ಅದನ್ನು ತಲೆಗೆ ಹಚ್ಚಿಕೊಂಡರು. ಆರೋಗ್ಯವಂತ ಸಂಬಂಧಿಕರೊಬ್ಬರು ಎದೆಗೆ ಪಟ್ಟಿ ಕಟ್ಟಿಕೊಂಡು ದಿನಕ್ಕೆ ಕೆಲವು ಗಂಟೆ ಕೂಡಬೇಕು. ಪಟ್ಟಿ ಅವರ ಉಸಿರಿನ ಲಯವನ್ನು ವೆಂಟಿಲೇಟರಿಗೆ ಕಳಿಸುತ್ತದೆ. ಯಂತ್ರ ಅದೇ ಲಯದಲ್ಲಿ ರೋಗಿಗೆ ಉಸಿರು ಕೊಡುತ್ತದೆ. ಏರುಪೇರಿನ, ನಡುನಡುವೆ ನಿಟ್ಟುಸಿರು ಬರುವ ಆ ಉಸಿರಿಗೆ ಮಲಗಿದ ಮೆದುಳು ನಿಧಾನವಾಗಿ ಎಚ್ಚರಗೊಂಡು ತಾನೂ ಒಂದು ಪ್ರಯತ್ನ ಮಾಡುತ್ತದೆ.

ಮೊದಮೊದಲು ಅದು ಅಷ್ಟಾಗಿ ಫಲಿಸಲಿಲ್ಲ. ಆಗ ವಿಶಾಲಾಳೇ ಇನ್ನೊಂದು ಮಾತು ಹೇಳಿದ್ದಳು: “ಮೇಡಂ, ಇದು ಬರೇ ಒಂದ ಕಡಿಂದ ಮಾತಾಡಿದಂಗ ಆತು. ರೋಗಿ ಉತ್ತರಾ ಕೊಟ್ರ ಕೊಡೋರಿಗೂ ತಿಳೀಬೇಕ್ರಿ.” ಅಂದಿನಿಂದ ಪಟ್ಟಿಗೆ ಒಂದು ಸಣ್ಣ ಒತ್ತು ಸೇರಿತು. ರೋಗಿ ತಾನಾಗಿ ಉಸಿರೆಳೆಯಲು ಹೊರಟಾಗ ಪಟ್ಟಿ ಕೊಡುವವರ ಪಕ್ಕೆಯನ್ನು ಮೆಲ್ಲಗೆ ಅದುಮುತ್ತಿತ್ತು, ಅವರು ಅರಿವಿಲ್ಲದೆಯೇ ಕೊಂಚ ಹೊಂದಿಕೊಳ್ಳುತ್ತಿದ್ದರು. ಫಲ ಒಮ್ಮೆಲೇ ಬಂತು. ಹನ್ನೆರಡು ಜೋಡಿಗಳಲ್ಲಿ ಒಂಬತ್ತು ಜನ ಯಂತ್ರ ಬಿಟ್ಟು ಮನೆಗೆ ನಡೆದುಹೋಗಿದ್ದರು. ಹದಿಮೂರನೆಯ ಜೋಡಿ ಫಕೀರಪ್ಪ ಮತ್ತು ರತ್ನವ್ವ.

ಫಕೀರಪ್ಪ ಭಜಂತ್ರಿ ಮದುವೆಗಳ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ಮೆರವಣಿಗೆಯಲ್ಲಿ ಓಣಿಯ ಈ ತುದಿಯಿಂದ ಹಿಡಿದ ಸ್ವರವನ್ನು ಆ ತುದಿಯಲ್ಲಿ ಬಿಡುತ್ತಾನೆಂದು ಜನ ಹೇಳುತ್ತಿದ್ದರು. ಅವನ ಎದೆಯನ್ನು ಅಳೆದ ದಿನ ವಿಶಾಲಾಳಿಗೆ ತನ್ನ ಅಪ್ಪನ ಕುಲುಮೆಯ ತಿದಿ ನೆನಪಾಗಿತ್ತು. ಇಂಥ ಉಸಿರು ಸಿಕ್ಕರೆ ಯಾರಾದರೂ ಎದ್ದು ಕೂಡುತ್ತಾರೆ ಎಂದುಕೊಂಡಿದ್ದಳು.

ಎದ್ದು ಕೂತಳು ಕೂಡ. ಎರಡನೆಯ ವಾರಕ್ಕೆ ರತ್ನವ್ವ ಕುರ್ಚಿಯ ಮೇಲೆ ಕೂತು, ಗಂಟಲಿನ ಕೊಳವೆಯ ಮೂಲಕವೇ ಆದರೂ, ಅರ್ಧ ಉಸಿರು ತಾನೇ ಎಳೆಯತೊಡಗಿದಳು.

ನಿಯಂತ್ರಣ ಕೋಣೆಯಲ್ಲಿ ಗೋಡೆಯಷ್ಟಗಲದ ಪರದೆಯ ಮೇಲೆ ಅವರಿಬ್ಬರ ಗೆರೆಗಳು ಓಡುತ್ತಿದ್ದವು. ಹಸಿರು ಫಕೀರಪ್ಪನದು, ಕೇಸರಿ ರತ್ನವ್ವನದು. ಮೊದಲ ದಿನ ಎರಡು ಬೇರೆ ಊರಿನ ದಾರಿಗಳಂತಿದ್ದ ಗೆರೆಗಳು ಈಗ ಒಂದರ ಮೇಲೊಂದು ಕೂತಿದ್ದವು. ಗೆರೆಗಳ ನಡುವಿನ ಅಂತರ ಕಡಿಮೆಯಾದಷ್ಟೂ ಗೆಲುವು ಎಂದು ಅವರು ಲೆಕ್ಕ ಹಿಡಿದಿದ್ದರು.

“ಇಷ್ಟು ಚಂದ ಕೂಡಿದ್ದು ಇದ ಮೊದ್ಲು, ವಿಶಾಲಾ,” ಎಂದರು ಕೌಜಲಗಿ. ಅವರ ಕಣ್ಣು ಹೊಳೆಯುತ್ತಿತ್ತು. “ಸರಕಾರದ ತಂಡ ಬಂದಾಗ ಇದನ್ನ ತೋರಸೂಣು. ಮುಂದ ಎಲ್ಲಾ ಜಿಲ್ಲಾ ಆಸ್ಪತ್ರಿಗೂ ಹೋಗ್ತದ. ಒಂದೊಂದು ಊರಾಗ ಎಷ್ಟು ಮಂದಿ ಹಿಂಗ ಯಂತ್ರದ ಮ್ಯಾಲೆ ಕೊಳ್ಯಾಕತ್ತಾರ ಗೊತ್ತದ ಏನು?”

ವಿಶಾಲಾಳಿಗೆ ಗೊತ್ತಿತ್ತು. ಅದಕ್ಕೇ ಅವಳಿಗೂ ಸಂತೋಷವಾಗಿತ್ತು.

ಪಟ್ಟಿ ಸರಿಯಾಗಿ ಕೂತಿದೆಯೇ ನೋಡಲು ವಾರಕ್ಕೊಮ್ಮೆ ಮನೆಗೆ ಹೋಗುವುದು ಪದ್ಧತಿ. ಆ ಸಲ ಹೋದಾಗ ಮಧ್ಯಾಹ್ನ. ಫಕೀರಪ್ಪ ಊಟ ಮಾಡಿ ಒಳಗೆ ಮಲಗಿದ್ದ. ನವಲಗುಂದದಿಂದ ಬಂದು ನಿಂತಿದ್ದ ಮಗಳು ಮಂಜವ್ವ ಬಾಗಿಲಲ್ಲೇ ವಿಶಾಲಾಳ ಕೈ ಹಿಡಿದು ನಿಲ್ಲಿಸಿದಳು.

“ಬಾಯಾರ, ಎಬ್ಬಸಬ್ಯಾಡ್ರಿ. ಸುಮ್ನ ನಿಂತು ಒಂದೀಟು ಕೇಳ್ರಿ.”

ಇಬ್ಬರೂ ಹೊಸ್ತಿಲ ಬಳಿ ನಿಂತರು. ಒಳಗಿನಿಂದ ಉಸಿರಿನ ಸದ್ದು ಕೇಳುತ್ತಿತ್ತು. ಚಿಕ್ಕಚಿಕ್ಕ ಉಸಿರುಗಳು. ಪ್ರತಿಯೊಂದಕ್ಕೂ ಮುಂಚೆ ಒಂದು ಸಣ್ಣ ತಡೆ, ಮೂಗು ಒಳಗೆ ಬರುವ ಗಾಳಿಯನ್ನು ನಂಬದೆ ಪರೀಕ್ಷಿಸಿದ ಹಾಗೆ.

“ಇದು ನಮ್ಮವ್ವಂದ್ರಿ,” ಎಂದಳು ಮಂಜವ್ವ. “ಘಾಟಿನಾಗ ಕುಂತು ಕುಂತು ಅವ್ವಗ ಹಂಗ ರೂಢಿ ಆಗಿತ್ತು. ಉಸಿರು ತಗೊಳ್ಳೂ ಮುಂಚೆ ಒಮ್ಮೆ ತಡೀತಿದ್ಲು. ಸಣ್ಣಾಕಿ ಇದ್ದಾಗ ನಾ ಆಕಿ ಮಗ್ಗಲದಾಗ ಮಲಗತಿದ್ದೆ, ನನಗ ಗೊತ್ತೈತ್ರಿ. ಅಪ್ಪ ಹಿಂಗ ಯಾವತ್ತೂ ಉಸಿರಾಡಿದಾಂವ ಅಲ್ಲ.”

ಪಟ್ಟಿ ಗೂಟಕ್ಕೆ ತೂಗುಬಿದ್ದಿತ್ತು. ಅವನು ಅದನ್ನು ಕಟ್ಟಿಕೊಂಡಿರಲಿಲ್ಲ.

ಫಕೀರಪ್ಪ ಎದ್ದ ಮೇಲೆ ವಿಶಾಲಾ ನೇರವಾಗಿಯೇ ಕೇಳಿದಳು. ಏನಿಲ್ಲ, ಎಲ್ಲ ಆರಾಮ ಎಂದ ಅವನು. ಮೊನ್ನೆ ಕುಂದಗೋಳದ ಮದುವೆಯಲ್ಲಿ ಏನಾಯಿತು ಹೇಳು ಎಂದು ಮಗಳು ಗದರಿದಳು. ಅವನು ಗೋಡೆಯತ್ತ ಮುಖ ತಿರುಗಿಸಿದ.

“ಕ್ಲಾರಿನೆಟ್ಟಿನ ರೀಡ್ ಸರಿ ಇರಲಿಲ್ರಿ. ನಡಬರಕ ನಿಂತಬಿಡ್ತು.”

“ರೀಡ್ ಅಲ್ಲ, ನೀ ನಿಂತಿ,” ಎಂದಳು ಮಂಜವ್ವ. “ವರನ ಕುದುರಿ ಮುಂದ ಹೋತು, ಡೋಲಿನವ್ರು ಬಾರಿಸ್ಕೋತ ಹೋದ್ರು, ಇಂವ ರಸ್ತೆದಾಗ ಬಾಗಿ ನಿಂತಿದ್ದನಂತ.”

ವಿಶಾಲಾ ಅವನ ಎದೆಯನ್ನು ಅಳೆದಳು. ಮೊದಲ ದಿನದ ತಿದಿ ಎಲ್ಲಿಯೂ ಇರಲಿಲ್ಲ. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಬಾಯಿ ಅಗಲಿಸಿ ಜೋರು ಮಾಡಿ ಎಳೆಯಿರಿ ಎಂದಾಗ ಗಾಳಿ ತುಂಬುತ್ತಿತ್ತು. ಆದರೆ ಮರೆತ ಕೂಡಲೇ ಉಸಿರು ಮತ್ತೆ ಗಿಡ್ಡವಾಗುತ್ತಿತ್ತು, ಮತ್ತೆ ಆ ತಡೆ ಬರುತ್ತಿತ್ತು.

ಅವಳು ಅಲ್ಲಿಂದ ನೆಟ್ಟಗೆ ನಿಯಂತ್ರಣ ಕೋಣೆಗೆ ಹೋದಳು. ಎರಡು ಗೆರೆಗಳನ್ನು ಒಂದಕ್ಕೊಂದು ಹೋಲಿಸುವುದನ್ನು ಬಿಟ್ಟು, ಒಂದೊಂದನ್ನೂ ಅದರದೇ ಮೊದಲ ದಿನದ ಗೆರೆಯ ಪಕ್ಕದಲ್ಲಿಟ್ಟು ನೋಡಿದಳು. ಇಷ್ಟು ದಿನ ಯಾರಿಗೂ ಹಾಗೆ ನೋಡಬೇಕೆನಿಸಿರಲಿಲ್ಲ. ಕೇಸರಿ ಗೆರೆ ಕೊಂಚ ಮೇಲೇರಿತ್ತು. ಉಳಿದ ದಾರಿಯನ್ನೆಲ್ಲ ಹಸಿರು ಗೆರೆ ಕೆಳಗಿಳಿದು ಬಂದಿತ್ತು. ರತ್ನವ್ವ ಗಂಡನ ಉಸಿರನ್ನು ಕಲಿತದ್ದು ಕಾಲು ಭಾಗ. ಮುಕ್ಕಾಲು ಭಾಗ ಗಂಡನೇ ಅವಳದನ್ನು ಕಲಿತಿದ್ದ.

ವಿಶಾಲಾ ಬಹಳ ಹೊತ್ತು ಪರದೆಯ ಮುಂದೆ ಕೂತಳು. ಒತ್ತು. ಪಟ್ಟಿಗೆ ಅವಳೇ ಸೇರಿಸಲು ಹೇಳಿದ್ದ ಆ ಸಣ್ಣ ಒತ್ತು.

ಆದರೂ ಅನುಮಾನ ಉಳಿಯಿತು. ಭಾನುವಾರ ಅವಳು ಒಂದು ಪಟ್ಟಿಯನ್ನು ಮನೆಗೆ ತಂದಳು. ರತ್ನವ್ವನ ಉಸಿರಿನ ದಾಖಲೆಯನ್ನು ಅದಕ್ಕೆ ತುಂಬಿ ಎದೆಗೆ ಕಟ್ಟಿಕೊಂಡು, ಮೇಲೆ ಸೀರೆ ಸೆರಗು ಹೊದ್ದು ರೊಟ್ಟಿ ಬಡಿಯಲು ಕೂತಳು. ಮೊದಲಿಗೆ ಪಕ್ಕೆಯಲ್ಲಿ ಯಾರೋ ಮೊಣಕೈಯಿಂದ ಮೆಲ್ಲಗೆ ತಿವಿದ ಹಾಗಾಗುತ್ತಿತ್ತು. ಹತ್ತು ರೊಟ್ಟಿ ಆಗುವಷ್ಟರಲ್ಲಿ ಅದು ಮರೆತೇ ಹೋಯಿತು. ಹಿಟ್ಟು ಮುಗಿದಾಗ ಪಟ್ಟಿ ಬಿಚ್ಚಿಟ್ಟಳು.

ಊಟಕ್ಕೆ ಕೂತಾಗ ಗಂಡ ಶಿವಾನಂದ ತುತ್ತು ನಿಲ್ಲಿಸಿ ಅವಳ ಮುಖ ನೋಡಿದ. “ಯಾಕ, ಓಡಿ ಬಂದೀ ಏನು?”

“ಇಲ್ಲಲ್ಲ.”

“ಮತ್ತ ಹಂಗ್ಯಾಕ ತುಂಡ ತುಂಡ ಮಾತಾಡಾಕತ್ತೀ? ‘ಬದನಿಕಾಯಿ ಪಲ್ಯ ಹಾಕ್ಲಾ’ ಅನ್ನಾಕ ಎರಡ ಸಲ ನಿಂತಿ.”

ಅವಳಿಗೆ ಅದು ತಿಳಿದೇ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಸಂಜೆಯ ಹೊತ್ತಿಗೆ ಉಸಿರು ಮೊದಲಿನಂತಾಯಿತು. ಅವಳದು ಒಂದು ಹೊತ್ತಿನ ಮಾತು. ಫಕೀರಪ್ಪ ವಾರಗಟ್ಟಲೆ ದಿನವೂ ಕಟ್ಟಿಕೊಂಡಿದ್ದ.

ಮರುದಿನ ಅವಳು ಎಲ್ಲವನ್ನೂ ಕೌಜಲಗಿಯವರ ಮುಂದಿಟ್ಟಳು. ಅವರು ಕನ್ನಡಕ ತೆಗೆದು ಗೆರೆಗಳನ್ನು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು. ಅವರು ಒಪ್ಪಲಾರದ ಹೆಂಗಸಲ್ಲ. ಒಪ್ಪಿದ್ದಕ್ಕೇ ಅವರ ಮುಖ ಬಿಳಿಚಿತು.

“ಮನಿಗೆ ಹೋದ ಒಂಬತ್ತು ಮಂದಿಗೆ ಉಸಿರು ಕೊಟ್ಟೋರನ್ನ ನಾವು ನೋಡೇ ಇಲ್ಲ,” ಎಂದರು. “ರೋಗಿ ನಡ್ಕೋತ ಹೋದಾಗ ನಮ್ಮ ಕೆಲಸಾ ಮುಗೀತು ಅಂದ್ವಿ.”

ಅಲ್ಲೇ ಕೂತು ಇಬ್ಬರೂ ಫೋನು ಹಚ್ಚಿದರು. ಕೆಲವರು ಚೆನ್ನಾಗಿದ್ದರು. ರಾಣೇಬೆನ್ನೂರಿನಲ್ಲಿ ಮಾಸ್ತರಿಕೆ ಮಾಡುವ ಒಬ್ಬರು ತಾಯಿಗೆ ಉಸಿರು ಕೊಟ್ಟಿದ್ದವರು. ತಾಯಿಯ ಆರೋಗ್ಯವನ್ನು ಬಾಯ್ತುಂಬ ಹೇಳಿ, ಕೇಳಿದ್ದಕ್ಕೆ ಮಾತ್ರ ತಮ್ಮದನ್ನು ಹೇಳಿದರು: “ಪಾಠಾ ಮಾಡಬೇಕಾದ್ರ ಒಂದ ವಾಕ್ಯಕ್ಕ ಎರಡ ಸಲ ನಿಲ್ಲಬೇಕಾಗ್ತದ್ರೀ. ವಯಸ್ಸಾತು ಅಂದ್ಕೊಂಡಿದ್ದೆ.” ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ.

ಕೌಜಲಗಿ ಫೋನು ಕೆಳಗಿಟ್ಟರು. “ಹೊಸಾ ಜೋಡಿ ಕಟ್ಟೂದು ಇವತ್ತಿನಿಂದ ಬಂದ್. ತಂಡಕ್ಕೂ ನಾನ ಹೇಳ್ತೀನಿ. ಆದ್ರ ರತ್ನವ್ವ? ಈಗ ಬಿಚ್ಚಿದ್ರ ಆಕಿ ಮತ್ತ ಕೆಳಗ ಬೀಳ್ತಾಳ. ಇನ್ನೊಂದ ಹದಿನೈದು ದಿನಾ ಸಿಕ್ರ ಹೊರಗ ಬಂದಬಿಡ್ತಾಳ. ಬಿಚ್ಚಿದ್ರ ಸಾವು, ಬಿಚ್ಚದಿದ್ರ ಅಂವಗ ಹಾನಿ. ಸಾವು ದೊಡ್ಡದೋ ಹಾನಿ ದೊಡ್ಡದೋ, ನೀನ ಹೇಳು.”

“ಅದನ್ನ ಅವರಿಬ್ಬರನ್ನ ಕೇಳಬೇಕಲ್ರೀ ಮೇಡಂ. ನಾವಿಬ್ರು ಕೇಳ್ಕೊಂಡ್ರ ಏನ್ ಬಂತು?”

“ಅಂವ ಬಿಚ್ಚೂದಿಲ್ಲ ಅಂತಾನ. ಆಕಿಗೆ ಹೇಳಿದ್ರ ಹೆದರಿ ಇದ್ದ ಉಸಿರೂ ಕಳ್ಕೋತಾಳ.”

ಅವರು ಹೇಳಿದ್ದು ಅರ್ಧ ನಿಜವಾಯಿತು. ವಿಶಾಲಾ ಕರೆಸಿ ವಿವರಿಸಿದಾಗ ಫಕೀರಪ್ಪ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಎದೆಯ ಪಟ್ಟಿಯ ಮೇಲೆ ಎರಡೂ ಕೈ ಇಟ್ಟುಕೊಂಡ, ಯಾರಾದರೂ ಕಸಿದುಕೊಂಡಾರು ಎಂಬಂತೆ.

“ನಾ ಊದಿ ಮನಿ ನಡೀಲಿಲ್ರೀ ಬಾಯಾರ. ಮದುವಿ ಇದ್ದಾಗ ಹೊಸಾ ಅಂಗಿ, ಇಲ್ಲದಾಗ ಕಟ್ಟಿ ಮ್ಯಾಲೆ ಕುಂತು ಸಾ ರಿ ಗ. ಒಲಿ ಹೊತ್ತಿದ್ದು ಆಕಿ ಮೆಣಸಿನಕಾಯಾಗ ಕುಂತದ್ದಕ್ಕ. ಮನಿಗೆ ಬಂದ್ಲಂದ್ರ ಕಣ್ಣು ಕೆಂಪಗ, ಕೈ ಉರಿ. ಆ ಖಾರ ಹಿಟ್ಟಿಗೆ ಹತ್ತಬಾರದು ಅಂತ ಮೊಸರಾಗ ಅದ್ದಿ ತೊಳಕೊಂಡು ರೊಟ್ಟಿ ಮಾಡತಿದ್ಲು.” ಅವನು ಮಾತು ನಿಲ್ಲಿಸಿ ಉಸಿರೆಳೆದುಕೊಂಡ. “ನಾ ಊದಲಿಲ್ಲಂದ್ರ ಮಂದಿ ಬ್ಯಾರೆ ಬ್ಯಾಂಡ್ ಕರೀತಾರ. ಅಷ್ಟ.”

“ಬರೇ ಊದೂದು ಅಲ್ರೀ. ಹಿಂಗ ಹೋದ್ರ ಮಲಗಿದಾಗ ನಿಮಗೂ ಗಾಳಿ ಸಾಲೂದಿಲ್ಲ. ನೀವೂ ಅಕಿ ಮಗ್ಗಲದಾಗ ಹಾಸಿಗಿ ಹಿಡೀತೀರಿ.”

“ಹಿಡೀಲಿ ಬಿಡ್ರಿ,” ಎಂದ ಫಕೀರಪ್ಪ.

ವಿಶಾಲಾಳಿಗೆ ಅವನ ಮೇಲೆ ಸಿಟ್ಟು ಬಂತು, ಮರುಗಳಿಗೆಯೇ ಕನಿಕರವೂ ಬಂತು. ರತ್ನವ್ವನ ಒಪ್ಪಿಗೆ ಕೇಳದೆ ಇವನ ಹಟವನ್ನೇ ಒಪ್ಪಿಗೆ ಎಂದು ತೆಗೆದುಕೊಳ್ಳುವುದು ಸುಲಭವಿತ್ತು. ಅವಳು ಕೌಜಲಗಿಯವರಿಗೆ ಹೇಳಿಯೇ, ಅವರ ಮನಸ್ಸಿಗೆ ಬಾರದಿದ್ದರೂ, ಮಾರನೆಯ ಬೆಳಿಗ್ಗೆ ರತ್ನವ್ವನಿಗೆ ದನಿ ಕೊಡಲು ಹೋದಳು.

ಗಂಟಲಿಗೆ ರಂಧ್ರ ಕೊರೆದು ಕೊಳವೆ ಹಾಕಿಸಿಕೊಂಡವರಿಗೆ ದನಿಯಿರುವುದಿಲ್ಲ. ಗಾಳಿ ಧ್ವನಿಪೆಟ್ಟಿಗೆಗೆ ಹೋಗದೆ ಕೆಳಗಿನಿಂದಲೇ ಹೊರಗೆ ಹೋಗಿಬಿಡುತ್ತದೆ. ವಿಶಾಲಾ ಮೊದಲು ಕಫ ಎಳೆದು ಸ್ವಚ್ಛ ಮಾಡಿದಳು. ಕೊಳವೆಯ ಸುತ್ತ ಉಬ್ಬಿಸಿದ್ದ ಪುಗ್ಗೆಯ ಗಾಳಿ ಇಳಿಸಿದಳು. ಕೊಳವೆಯ ಬಾಯಿಗೆ ಒಂದು ಪುಟ್ಟ ಕವಾಟ ಸಿಕ್ಕಿಸಿದಳು. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಹೋಗುವ ಗಾಳಿಯನ್ನು ಮೇಲಕ್ಕೆ, ದನಿಯ ಕಡೆಗೆ ತಿರುಗಿಸುತ್ತದೆ.

“ಅವಸರ ಮಾಡಬ್ಯಾಡ್ರಿ. ಒಂದ ಉಸಿರಿಗೆ ಒಂದ ಮಾತು.”

ಫಕೀರಪ್ಪ ಪಟ್ಟಿ ಕಟ್ಟಿಕೊಂಡೇ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಮಂಜವ್ವ ತಾಯಿಯ ಕಾಲು ಹಿಡಿದು ನಿಂತಿದ್ದಳು. ರತ್ನವ್ವ ಎರಡು ಸಲ ಬಾಯಿ ತೆರೆದಳು, ಗಾಳಿಯಷ್ಟೇ ಬಂತು. ಮೂರನೆಯ ಸಲ ತುಕ್ಕು ಹಿಡಿದ ಬಾಗಿಲು ಸರಿದಂಥ ದನಿ ಬಂತು. ಮಂಜವ್ವ ಸೆರಗು ಬಾಯಿಗೊತ್ತಿಕೊಂಡಳು.

“ಮದುವಿ... ಹಂಗಾಮಾ ಐತಿ,” ಎಂದಳು ರತ್ನವ್ವ ಗಂಡನಿಗೆ. “ಊದಾಕ... ಹೋಗಿಲ್ಲೇನ್ರಿ?”

“ಹೋಗೇನಲ್ಲ. ನಿನ್ನೇನೂ ಹೋಗಿದ್ದೆ.”

“ಸುಳ್ಳ.”

ಅವಳು ಅವನನ್ನೇ ನೋಡುತ್ತಿದ್ದಳು. ಅವನ ಮುಖವನ್ನಲ್ಲ, ಅಂಗಿಯ ಗುಂಡಿಗಳು ಏರಿಳಿಯುವುದನ್ನು. ಮೆಲ್ಲಗೆ ಕೈ ಎತ್ತಿ ಅವನ ಎದೆಯ ಮೇಲಿಟ್ಟಳು. ವಿಶಾಲಾ ದಿನವೂ ಅವಳ ಪಕ್ಕೆಯ ಮೇಲಿಟ್ಟು ನೋಡುತ್ತಿದ್ದ ಹಾಗೆಯೇ. ನಾಲ್ಕೈದು ಉಸಿರು ಹೋದವು. ಅವಳ ಹುಬ್ಬು ಗಂಟಿಕ್ಕಿತು.

“ಇದು... ನಂದು,” ಎಂದಳು.

ಅವಳು ವಿಶಾಲಾಳ ಕಡೆ ತಿರುಗಿದಳು. ವಿಶಾಲಾ ಅಡಗಿಸಲಿಲ್ಲ. ಪಟ್ಟಿ ಏನು ಮಾಡುತ್ತದೆ, ಅವನಿಗೆ ಏನಾಗುತ್ತಿದೆ, ಬಿಚ್ಚಿದರೆ ಅವಳಿಗೆ ಏನಾಗಬಹುದು, ಮೂರನ್ನೂ ತಿಳಿಯುವ ಮಾತಿನಲ್ಲಿ ಹೇಳಿದಳು. ರತ್ನವ್ವ ಕಣ್ಣು ಮುಚ್ಚಿ ಕೇಳಿದಳು. ಯಂತ್ರದ ದೀಪ ಹಳದಿಗೆ ತಿರುಗಿ ಮತ್ತೆ ಹಸಿರಾಯಿತು.

“ಬಿಚ್ಚ್ರಿ.”

“ರತ್ನಾ, ಏ, ಹಂಗ ಅನಬ್ಯಾಡ,” ಎಂದ ಫಕೀರಪ್ಪ. “ಇನ್ನ ಹದಿನೈದ ದಿನಾ ಅಷ್ಟ.”

“ಕೆಟ್ಟ ಉಸಿರದು... ಘಾಟಿಂದು. ನಿಮಗ್ಯಾಕ?” ಅವಳು ದಣಿದಿದ್ದಳು, ಆದರೂ ಕೈ ತೆಗೆಯಲಿಲ್ಲ. “ನನಗ... ಕೊಡ್ರಿ. ನಾ... ನೋಡ್ಕೋತೇನಿ.”

ಅವನೇ ಪಟ್ಟಿ ಬಿಚ್ಚಿದ. ಬಿಚ್ಚುವಾಗ ಕೊಂಡಿ ಸಿಗದೆ, ಕೊನೆಗೆ ಮಂಜವ್ವ ಬಿಡಿಸಿಕೊಟ್ಟಳು.

ಅಂದಿನಿಂದ ವಿಶಾಲಾ ರತ್ನವ್ವನನ್ನು ಹಳೆಯ ದಾರಿಯಲ್ಲಿ ನಡೆಸಿದಳು. ದಿನಕ್ಕೆ ಎರಡು ಸಲ ಯಂತ್ರ ತೆಗೆದು, ಎದುರು ಕೂತು, ಅವಳ ಎರಡೂ ಕೈಗಳನ್ನು ತನ್ನ ಪಕ್ಕೆಗಳ ಮೇಲಿಟ್ಟುಕೊಂಡು ಉಸಿರಾಡಿ ತೋರಿಸುತ್ತಿದ್ದಳು. ಮೊದಲ ದಿನ ಒಂದು ಹಾಡಿನಷ್ಟು ಹೊತ್ತೂ ಆಗಲಿಲ್ಲ. ಬೆವರು ಇಳಿಯಿತು, ಕಣ್ಣು ಮೇಲೆ ಸಿಕ್ಕಿತು, ಮತ್ತೆ ಹಚ್ಚಿದಳು. ತನ್ನ ಪಾಳಿ ಮುಗಿದ ಮೇಲೂ ಉಳಿದಳು. ಕೌಜಲಗಿ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಒಳಗೆ ಬಂದು ಇನ್ನೊಂದು ಬದಿಗೆ ಕೂತರು. ಆ ವಾರವೇ ಅವರು ಸರಕಾರದ ತಂಡಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದ್ದರು. ತಂಡ ಬರಲಿಲ್ಲ.

ರತ್ನವ್ವ ಒಂದು ಮಧ್ಯಾಹ್ನವಿಡೀ ಯಂತ್ರವಿಲ್ಲದೆ ಕಳೆದಳು. ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ಕೆಳಗೆ ಶೇಂಗಾ ಮಾರುವವನನ್ನು ನೋಡಿ, ಅವನು ಹುರಿದದ್ದು ಸೀದಿದೆ, ವಾಸನೆ ಇಲ್ಲಿಗೇ ಬರುತ್ತದೆ ಎಂದು ಆಕ್ಷೇಪಿಸಿದಳು. ವಿಶಾಲಾ ಆ ದಿನ ಮನೆಗೆ ಹೋಗುವಾಗ ದಾರಿಯಲ್ಲಿ ಹಾಡು ಗುನುಗಿಕೊಂಡಳು.

ಎರಡು ದಿನ ಬಿಟ್ಟು ರತ್ನವ್ವನಿಗೆ ಮತ್ತೆ ಜ್ವರ ಬಂತು. ಹೊಸ ಸೋಂಕು. ಈ ಸಲ ಯಂತ್ರ, ಔಷಧಿ, ಕೌಜಲಗಿ-ವಿಶಾಲಾರ ಆರೈಕೆ, ಯಾವುದಕ್ಕೂ ಅದು ಬಗ್ಗಲಿಲ್ಲ. ಸೋಮವಾರ ಬೆಳಿಗ್ಗೆ ಊಟದ ಗಾಡಿ ಬರುವ ಹೊತ್ತಿಗೆ ಅವಳು ತೀರಿಕೊಂಡಳು. ಯಂತ್ರ ಆರಿಸುವುದು ವಿಶಾಲಾಳ ಕೆಲಸ. ಆರಿಸಿದಳು.

ಪಟ್ಟಿ ಇದ್ದಿದ್ದರೆ ಆ ಸೋಂಕು ಬರುವ ಮೊದಲೇ ಅವಳು ಮನೆ ಸೇರಿರುತ್ತಿದ್ದಳೋ ಏನೋ. ಸೇರುತ್ತಿರಲಿಲ್ಲವೋ ಏನೋ. ಕೌಜಲಗಿ ಹೇಳಲಿಲ್ಲ, ವಿಶಾಲಾ ಕೇಳಲಿಲ್ಲ. ಆ ಪ್ರಶ್ನೆ ಇಬ್ಬರ ನಡುವೆ ಹಾಗೇ ಉಳಿಯಿತು, ಈಗಲೂ ಇದೆ.

ದಿನಕರ್ಮ ಮುಗಿದ ಮೇಲೆ ಮಂಜವ್ವ ಅಪ್ಪನನ್ನು ಎಳೆದುಕೊಂಡೇ ಬಂದಳು. ಪಟ್ಟಿ ಬಿಚ್ಚಿ ಅಷ್ಟು ದಿನವಾದರೂ ಅವನ ಉಸಿರು ತಿರುಗಿರಲಿಲ್ಲ. ಗಿಡ್ಡ ಉಸಿರು, ಪ್ರತಿಯೊಂದಕ್ಕೂ ಮುಂಚೆ ಆ ತಡೆ. ಮಲಗಿದಾಗ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿತ್ತು. ಬೆಳಿಗ್ಗೆ ತಲೆನೋವು, ಕಾಲು ಬಾವು.

“ಇದನ್ನ ತಿದ್ದಬಹುದ್ರಿ,” ಎಂದಳು ವಿಶಾಲಾ. “ನಿಮಗ ಕಾಯಿಲೆ ಇಲ್ಲ. ರೂಢಿ ತಪ್ಪೈತಿ. ದಿನಾ ಬಂದು ನನ್ನ ಮುಂದ ಕುಂದರಬೇಕು, ಅಷ್ಟ.”

“ತಿದ್ದಿದ್ರ ಇದು ಹೋಗ್ತೈತೇನ್ರಿ?”

ಅವಳಿಗೆ ಪ್ರಶ್ನೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಹೋಗ್ತೈತ್ರಿ.”

“ಹಂಗಾರ ಬ್ಯಾಡ್ರಿ,” ಎಂದು ಅವನು ಎದ್ದು ನಿಂತ. “ಸೀರಿ, ಪಾತ್ರಿ ಎಲ್ಲಾ ತಂಗ್ಯಾರಿಗೆ ಕೊಟ್ಟೇವಿ. ಫೋಟೋ ಅಂದ್ರ ಆಧಾರ ಕಾರ್ಡಿಂದು, ಅದರಾಗ ಆಕಿ ಆಕಿನಂಗ ಕಾಣೂದಿಲ್ಲ. ಇದೊಂದ ಐತಿ ಆಕಿದು. ರಾತ್ರಿ ಮಲಗಿದಾಗ ಕೇಳಿಸ್ತೈತಿ.”

ಮಂಜವ್ವ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ, ಸಿಟ್ಟಾದಳು. “ಅವ್ವನ್ನ ಕಳಕೊಂಡೇನಿ. ಇನ್ನ ಆಕಿ ಉಸಿರು ಇಟ್ಕೋತೇನಿ ಅಂತ ನೀನೂ ಹೋಗು. ಆಮ್ಯಾಲೆ ನಾ ಏನ್ ಇಟ್ಕೊಳ್ಳೂದು, ಪಟ್ಟೀನ?” ಎಂದಳು. “ಅವ್ವ ಬಾಯಿ ಬಿಟ್ಟು ಕೇಳಿದ್ಲು, ಕೊಡ್ರಿ ಅಂತ. ನೀ ಕೊಟ್ಟೇ ಇಲ್ಲ.”

ಫಕೀರಪ್ಪ ಮಗಳನ್ನು ನೋಡಿದ. ಮತ್ತೆ ಕುರ್ಚಿಯಲ್ಲಿ ಕೂತ.

ಕೆಲಸ ನಿಧಾನವಾಗಿ ನಡೆಯಿತು. ಉಸಿರೆಳೆದು ಮೂರು ಚೆಂಡು ಏರಿಸುವ ಡಬ್ಬಿ, ಹೊಟ್ಟೆಯ ಮೇಲೆ ಮರಳಿನ ಚೀಲ, ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡುವ ಉಸಿರು. ಪರದೆಯ ಮೇಲೆ ಅವನದೊಂದೇ ಗೆರೆ ಓಡುತ್ತಿತ್ತು. ತಡೆ ಬಂದಾಗಲೆಲ್ಲ ವಿಶಾಲಾ ಬೆರಳೆತ್ತಿ ತೋರಿಸುತ್ತಿದ್ದಳು, ಅವನು ತಿದ್ದಿಕೊಳ್ಳುತ್ತಿದ್ದ. ರತ್ನವ್ವನ ಪಕ್ಕೆಯ ಮೇಲೆ ಅಷ್ಟು ದಿನ ಕೈಯಿಟ್ಟು ಕಲಿತಿದ್ದ ಆ ತಡೆಯನ್ನು ತಾನೇ ಒಂದೊಂದಾಗಿ ಅಳಿಸುವುದು ಅವಳಿಗೆ ಸುಲಭವಾಗಿರಲಿಲ್ಲ. ಕೆಲವು ದಿನ ಬೆರಳೆತ್ತಲು ಮನಸ್ಸಾಗದೆ ಒಂದೆರಡನ್ನು ಕಾಣದವಳಂತೆ ಬಿಟ್ಟದ್ದೂ ಉಂಟು. ರಾಣೇಬೆನ್ನೂರಿನ ಮಾಸ್ತರರೂ ಬರತೊಡಗಿದರು, ಇನ್ನಿಬ್ಬರು ಬಂದರು. ಒತ್ತು ತೆಗೆದ ಪಟ್ಟಿಗಳನ್ನು ಸರಕಾರ ಒಪ್ಪಿಕೊಂಡು ಜಿಲ್ಲೆಗಳಿಗೆ ಕಳಿಸಿತು. ಅವು ಕೆಲವರಿಗೆ ಫಲಿಸುತ್ತವೆ, ಹೆಚ್ಚಿನವರಿಗೆ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಫಕೀರಪ್ಪನ ಗೆರೆ ಮೊದಲಿಂದ ಕೊನೆಯವರೆಗೂ ನುಣುಪಾಗಿ ಓಡಿತು. ವಿಶಾಲಾ ಇನ್ನೊಮ್ಮೆ ನೋಡಿದಳು. ಅವನನ್ನು ಮಾತಾಡಿಸಿ, ನಗಿಸಿ, ಗಮನ ತಪ್ಪಿಸಿ ನೋಡಿದಳು. ಎಲ್ಲಿಯೂ ತಡೆಯಿರಲಿಲ್ಲ.

ಅವನೂ ಪರದೆ ನೋಡುತ್ತಿದ್ದ. “ಹೋತೇನ್ರಿ?”

“ಹೋತ್ರಿ.”

ಅವನು ಅಂಗಿಯ ಗುಂಡಿ ಹಾಕಿಕೊಂಡ. ಒಂದು ಗುಂಡಿ ತಪ್ಪಿ ಹೋಗಿ, ಬಿಚ್ಚಿ ಮತ್ತೆ ಹಾಕಿದ. ಆಮೇಲೆ ಗೋಡೆಯ ಕಪಾಟಿನತ್ತ ನೋಡಿದ. ಗಾಜಿನ ಹಿಂದೆ ಹಳೆಯ ಪಟ್ಟಿಗಳು ಸುರುಳಿ ಸುತ್ತಿ ಕೂತಿದ್ದವು.

“ಬಾಯಾರ, ಆಕಿ ಉಸಿರು ನಿಮ್ಮ ಕಂಪ್ಯೂಟರಿನಾಗ ಇರಬೇಕಲ್ರಿ?”

“ಐತ್ರಿ.”

“ಒಂದ ಸಲ, ಒಂದ ಹತ್ತ ಉಸಿರಷ್ಟ. ಹಾಕ್ತೀರೇನು?”

ಹತ್ತು ಉಸಿರು. ಅದರಿಂದ ಏನೂ ಆಗಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹತ್ತರ ನಂತರ ಅವನು ಹನ್ನೊಂದನೆಯದನ್ನು ಕೇಳುತ್ತಾನೆಂದೂ, ಕೊಡದಿರಲು ತನ್ನಿಂದ ಆಗುವುದಿಲ್ಲವೆಂದೂ ಗೊತ್ತಿತ್ತು.

“ಆಗೂದಿಲ್ರೀ, ಫಕೀರಪ್ಪನವರ.”

ಅವನು ತಲೆಯಾಡಿಸಿದ. “ಗೊತ್ತಿತ್ರಿ. ಕೇಳಿ ನೋಡಿದೆ.”

ಬಾಗಿಲ ಹೊರಗೆ ಮಂಜವ್ವ ಕಾಯುತ್ತಿದ್ದಳು. ದೀಪಾವಳಿ ಮುಗಿದ ಕೂಡಲೇ ಅಣ್ಣಿಗೇರಿಯಲ್ಲಿ ಒಂದು ಮದುವೆ ಹಿಡಿದಿದ್ದಾರೆ, ಬ್ಯಾಂಡಿನವರು ನಿನ್ನನ್ನು ಕೇಳುತ್ತಿದ್ದಾರೆ, ಹೂಂ ಅನ್ನಲೇನು ಎಂದು ಅವಳು ಕೇಳುತ್ತಿದ್ದುದು ವಿಶಾಲಾಳಿಗೆ ಕೇಳಿಸಿತು. ಅವನು ಉತ್ತರ ಕೊಡುತ್ತ ಮೆಟ್ಟಿಲಿಳಿದ. ನಾಲ್ಕು ಮಹಡಿ ಇಳಿಯುವಷ್ಟು ಹೊತ್ತೂ, ಒಮ್ಮೆಯೂ ನಿಲ್ಲದೆ, ಗಟ್ಟಿಯಾದ ತುಂಬು ದನಿಯಲ್ಲಿ ಮಾತಾಡುತ್ತಲೇ ಹೋದ. ವಿಶಾಲಾ ಮೆಟ್ಟಿಲ ಕಟಾಂಜನ ಹಿಡಿದು ಕೇಳುತ್ತ ನಿಂತಳು. ದನಿ ಕೆಳಗಿನ ಬಾಗಿಲು ದಾಟಿ ರಸ್ತೆಯ ಗದ್ದಲದಲ್ಲಿ ಸೇರಿಹೋದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಒಳಗೆ ಯಾರದೋ ಹಾಸಿಗೆಯ ಯಂತ್ರ ಕೂಗಿಕೊಂಡಿತು, ಹೋದಳು.